ಅನಸೂಯಾಗ ದಮ್ಮ ಐತಿ

ಅನಸೂಯಾಳಿಗೆ ಸಿಗಬೇಕಾಗಿದ್ದ ಕೆಲಸವನ್ನು ತಪ್ಪಿಸಿದವಳು ನಾನು. ಒಂದೇ ಮಾತಿನಲ್ಲಿ ತಪ್ಪಿಸಿದೆ. ಆ ಮಾತು ಸುಳ್ಳಾಗಿರಲಿಲ್ಲ — ಇದನ್ನೇ ಆರು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಹಲ್ಲುಜ್ಜುವಾಗ, ತರಗತಿಗೆ ಹೋಗುವಾಗ, ಬೆಳಿಗ್ಗೆ ರಾಜೂರ ರಸ್ತೆಯಲ್ಲಿ ಒಬ್ಬಳೇ ಓಡುವಾಗ. ಸುಳ್ಳು ಹೇಳದೆಯೂ ಒಬ್ಬರ ಬದುಕು ಕೆಡಿಸಬಹುದು ಎಂಬುದು ಗೊತ್ತಿರಲಿಲ್ಲ ಎಂದು ಕನ್ನಡ ಕಲಿಸುವವಳು ಹೇಳಿದರೆ ಯಾರು ನಂಬುತ್ತಾರೆ? ನಾನೇ ನಂಬುವುದಿಲ್ಲ.

ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿ ನನಗೆ ಕೆಲಸ. ನನ್ನ ಊರು ನರಗುಂದ. ಮದುವೆಯಾಗಿಲ್ಲ. ಆಗ ಮೂವತ್ತಾರು ದಾಟಿತ್ತು, ತೂಕ ಅದಕ್ಕೆ ಎರಡರಷ್ಟಿತ್ತು. ಡಾಕ್ಟರು ರಕ್ತದ ರಿಪೋರ್ಟು ನೋಡಿ, "ಇನ್ನೊಂದ ವರ್ಷ ಹಿಂಗ ಕುಂತರ ಗುಳಗಿ ತಪ್ಪಂಗಿಲ್ರಿ ಟೀಚರ್ರ" ಎಂದರು. ಮಾಸ್ತರಿಕೆಯವರ ಚಾಳಿ — ಮನೆಗೆ ಬಂದು ಮೊದಲು ಮಾಡಿದ್ದು ಒಂದು ವೇಳಾಪಟ್ಟಿ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಓಟ. ಮಂಗಳವಾರ, ಗುರುವಾರ, ಶನಿವಾರ ಸಂಜೆ ಜಿಮ್ಮು. ರವಿವಾರ ಎಂದು ಬರೆದು ಮುಂದೆ ಕೆಂಪು ಪೆನ್ನಿನಿಂದ 'ಆರಾಮ' ಎಂದು ಬರೆದೆ. ಅದನ್ನು ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ.

ನಿಜ ಹೇಳಬೇಕೆಂದರೆ ಓಟವೂ ಕಷ್ಟವಿರಲಿಲ್ಲ, ಜಿಮ್ಮೂ ಕಷ್ಟವಿರಲಿಲ್ಲ. ಆ ಆರಾಮವೇ ಕಷ್ಟವಾಗಿತ್ತು. ರವಿವಾರ ನರಗುಂದಕ್ಕೆ ಹೋದರೆ ಅವ್ವ, "ಹಿಂಗ ಎಷ್ಟ ದಿನಾ ಇರಾಕಿ" ಎಂದು ಶುರು ಮಾಡುತ್ತಿದ್ದಳು. ಹೋಗದಿದ್ದರೆ ಬಾಡಿಗೆ ಮನೆಯಲ್ಲಿ ಉತ್ತರಪತ್ರಿಕೆಗಳು, ನಾನು, ಮತ್ತು ಎಷ್ಟು ಹೊತ್ತಾದರೂ ಮುಗಿಯದ ಮಧ್ಯಾಹ್ನ. ಒಂಟಿತನ ಎಂದು ಬರೆದರೆ ನೆಪ ಹೇಳಿದಂತಾಗುತ್ತದೆ. ಆದ್ದರಿಂದ ಮಧ್ಯಾಹ್ನ ಎಂದಷ್ಟೇ ಬರೆಯುತ್ತೇನೆ.

ಅನಸೂಯಾ ಸಿಕ್ಕಿದ್ದು ಓಡುವಾಗ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಮಗಳನ್ನು ಎತ್ತಿಕೊಂಡು ತವರಿಗೆ ಬಂದು, ಅಣ್ಣನ ಮನೆಯಲ್ಲಿ, ನೆಲದ ಗುಂಡಿಯೊಳಗೆ ಕಾಲು ಬಿಟ್ಟು ಕೂರುವ ಕುಣಿ ಮಗ್ಗದಲ್ಲಿ ಸೀರೆ ನೇಯಲು ಕೂತವಳು. ನನಗಿಂತ ಆರೇಳು ವರ್ಷ ಸಣ್ಣವಳು. ಓಣಿಯ ತುದಿಯಲ್ಲಿ ನಿಂತು ಎರಡು ದಿನ ನನ್ನನ್ನು ನೋಡಿದಳು. ಹೆಂಗಸರು ಓಡುವುದನ್ನು ಕಂಡರೆ ನಮ್ಮಲ್ಲಿ ಎಲ್ಲರೂ ಕೇಳುವುದು ಒಂದೇ — "ಬಸ್ಸ ತಪ್ಪಿತೇನ್ರಿ?" ಇವಳು ಹಾಗೆ ಕೇಳಲಿಲ್ಲ. ಮೂರನೆಯ ದಿನ, "ಅಕ್ಕಾರ, ನಾನೂ ಬರಲ್ಯಾ? ಕುಣ್ಯಾಗ ಕುಂತು ಕುಂತು ಕಾಲು ಕಟಗಿ ಆಗ್ಯಾವ ನೋಡ್ರಿ" ಎಂದಳು. ಕಾಲಲ್ಲಿ ಅಣ್ಣನ ಹಳೆಯ ಕ್ಯಾನ್ವಾಸ್ ಬೂಟು, ಮುಂದೆ ಅರಿವೆ ತುರುಕಿದ್ದು.

ತಿಂಗಳೊಪ್ಪತ್ತಿನಲ್ಲಿ ನನ್ನನ್ನು ಹಿಂದೆ ಹಾಕಿದಳು. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಾಣುವ ತಿರುವಿನಲ್ಲಿ ನಾನು ಸೊಂಟ ಹಿಡಿದು ನಿಂತರೆ, ಅವಳು ಮುಂದೆ ಹೋಗಿ ತಿರುಗಿ ಬಂದು, ಮಾತಾಡುತ್ತಲೇ ನನ್ನ ಸುತ್ತ ಓಡುತ್ತಿದ್ದಳು. "ಅನಸೂಯಾ, ನಿನಗ ಭಾಳ ದಮ್ಮ ಐತಿ ಬಿಡು" ಎಂದು ನಾನೇ ಹೊಗಳುತ್ತಿದ್ದೆ. ಈ ಮಾತು ನೆನಪಿರಲಿ.

ನೇಕಾರರ ಮನೆಯಲ್ಲಿ ರವಿವಾರಕ್ಕೆ ಬೆಲೆಯಿಲ್ಲ. ಅವರ ಮನೆಯಲ್ಲಿ ಮಗ್ಗ ನಿಲ್ಲುವುದು ಅಮಾವಾಸ್ಯೆಗೆ. ತಿಂಗಳಿಗೆ ಒಂದೇ ದಿನ. "ನಿಮ್ಮ ಸೂಟಿ ಸರಕಾರ ಕೊಡ್ತೈತ್ರಿ, ನಮ್ಮ ಸೂಟಿ ಚಂದ್ರಾಮ ಕೊಡ್ತಾನ" ಎಂದು ನಗುತ್ತಿದ್ದಳು. ಆದರೂ ರವಿವಾರ ಬೆಳಿಗ್ಗೆ ಅವಳು ನನ್ನ ಜೊತೆ ಇರುತ್ತಿದ್ದಳು. ಕೋಟೆಯ ಮೆಟ್ಟಿಲು ಹತ್ತುತ್ತಿದ್ದೆವು, ಇಳಿದು ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಗಿರ್ಮಿಟ್ಟು, ಮಿರ್ಚಿ ತಿನ್ನುತ್ತಿದ್ದೆವು. ವಾರವಿಡೀ ಬೆವರು ಸುರಿಸಿ ಕರಗಿಸಿದ್ದು ಒಂದು ಪ್ಲೇಟಿನಲ್ಲಿ ವಾಪಸ್ ಬರುತ್ತಿತ್ತು. ಆಮೇಲೆ ಕಾಲಕಾಲೇಶ್ವರದ ಕಡೆ ಹೋಗಿ ನೆರಳಿನಲ್ಲಿ ಸುಮ್ಮನೆ ಕೂರುವುದು. ಅವಳು ಮಾತಾಡುವುದು, ನಾನು ಕೇಳುವುದು. ರವಿವಾರದ ಮಧ್ಯಾಹ್ನ ನನಗೆ ಉದ್ದ ಎನಿಸದೆ ಹೋದದ್ದು ಆ ಒಂದು ವರ್ಷ ಮಾತ್ರ.

ಆ ಬೆಳಗು ನನಗೆ ಕೊಡಲು ಅವಳು ಶನಿವಾರ ಎಷ್ಟು ಹೊತ್ತು ಹೆಚ್ಚು ಕೂತು ನೇಯುತ್ತಿದ್ದಳೋ, ನಾನು ಒಮ್ಮೆಯೂ ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ. ನನ್ನ ವೇಳಾಪಟ್ಟಿಯಲ್ಲಿ ಅವಳಿಗೆ ಒಂದು ಸಾಲಿರಲಿಲ್ಲ. ನನ್ನ 'ಆರಾಮ' ಎಂಬ ಶಬ್ದದೊಳಗೆ ಅವಳು ಸೇರಿಹೋಗಿದ್ದಳು.

ಜಿಮ್ಮಿಗೆ ಕರೆದೊಯ್ದವಳೂ ನಾನೇ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಇತ್ತು. ಸಂಜೆ ಐದರಿಂದ ಆರರವರೆಗೆ ಹೆಂಗಸರ ಬ್ಯಾಚು. ಅವಳ ಅಣ್ಣ ಮೊದಲು ಒಪ್ಪಲಿಲ್ಲ. ನಾನು ಮನೆಗೆ ಹೋಗಿ, ಶಾಲೆಯ ಗತ್ತಿನಲ್ಲಿ ನಾಲ್ಕು ಮಾತು ಹೇಳಿ ಒಪ್ಪಿಸಿದೆ. ಉಪಕಾರ ಮಾಡಿದೆ ಎಂಬ ಭಾವನೆ ಆಗಲೇ ಹುಟ್ಟಿತ್ತು ನನ್ನಲ್ಲಿ. ಉಪಕಾರ ಮಾಡಿದವರಿಗೆ ಒಂದು ಕೆಟ್ಟ ಗುಣ ಅಂಟಿಕೊಳ್ಳುತ್ತದೆ — ಎದುರಿನವರು ತಾವು ನಿಲ್ಲಿಸಿದ ಜಾಗದಲ್ಲೇ ನಿಂತಿರಬೇಕು ಎನಿಸುತ್ತದೆ.

ಅಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ಹುಡುಗಿ ಗದಗಿನಿಂದ ಬಸ್ಸಿಗೆ ಬರುತ್ತಿದ್ದಳು. ಅವಳ ಮದುವೆ ಗೊತ್ತಾಯಿತು, ಬರುವುದು ನಿಂತಿತು. ಒಂದು ವಾರ ನಾವು ಏಳೆಂಟು ಹೆಂಗಸರು ಬಂದು ಮುಖ ಮುಖ ನೋಡಿಕೊಂಡು ಹೋದೆವು. ಆಮೇಲೊಂದು ದಿನ ಅನಸೂಯಾ, "ನಾ ಹೇಳ್ತೀನಿ, ಎಲ್ಲಾರೂ ಸಾಲಾಗಿ ನಿಂದರ್ರಿ" ಎಂದು ಮುಂದೆ ಹೋದಳು. ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು. ಯಾರಿಗೆ ಮೊಣಕಾಲು ನೋವು, ಯಾರಿಗೆ ಹೆರಿಗೆಯಾಗಿ ವರ್ಷವಾಗಿಲ್ಲ, ಎಲ್ಲವನ್ನೂ ತಿಳಿದು ಹೇಳಿಕೊಟ್ಟಳು. ಆ ಹುಡುಗಿಗಿಂತ ಚೆನ್ನಾಗಿ ಹೇಳಿಕೊಟ್ಟಳು. ಮರುದಿನ ಸೀಟಿಯೊಂದನ್ನು ತಂದಿದ್ದಳು. ಬಗ್ಗಿ ಏಳುವಾಗ ನಾನು ಎರಡು ಸಲ ಕಳ್ಳಾಟ ಆಡಿದೆ. ಸೀಟಿ ಊದಿ, ಎಲ್ಲರ ಮುಂದೆ, "ಅಕ್ಕಾರ, ಹಿಂಗ ಅರ್ಧಾ ಮಾಡಿದ್ರ ನಡಿಯಂಗಿಲ್ರಿ. ಇನ್ನೊಮ್ಮಿ ಮಾಡ್ರಿ" ಎಂದಳು. ಹೆಂಗಸರು ನಕ್ಕರು. ಅವಳೂ ನಕ್ಕಳು. ನಾನೂ — ತೋರಿಕೆಗೆ.

ಶಾಲೆಯಲ್ಲಿ ಹದಿಮೂರು ವರ್ಷದಿಂದ ಇನ್ನೊಮ್ಮೆ ಬರೆ, ಇನ್ನೊಮ್ಮೆ ಓದು ಎನ್ನುತ್ತಿದ್ದವಳು ನಾನು. ಆ ಸಂಜೆ ಮನೆಗೆ ಬಂದು ಕಾಲು ತೊಳೆಯುವಾಗಲೂ ಆ ಸೀಟಿ ಕಿವಿಯಲ್ಲಿತ್ತು. ಅವಳ ಹೆಸರಿನ ಅರ್ಥವೇ ಅಸೂಯೆ ಇಲ್ಲದವಳು ಎಂದು. ಆ ಶಬ್ದವನ್ನು ಬಿಡಿಸಿ ಮಕ್ಕಳಿಗೆ ಹೇಳಿಕೊಡುವವಳು ನಾನು, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಕೂತಿದ್ದೆ.

ಜಿಮ್ಮು ನಡೆಸುತ್ತಿದ್ದ ಈರಣ್ಣ ರೋಣದ ಕಾಳು ವ್ಯಾಪಾರಿಗಳ ಮನೆಯವನು. ಅನಸೂಯಾ ಹೇಳಿಕೊಡುವುದನ್ನು ಬಾಗಿಲಲ್ಲಿ ನಿಂತು ನೋಡಿ, ಇವಳನ್ನೇ ಇಟ್ಟುಕೊಳ್ಳೋಣ ಎಂದ. ಆದರೆ ಕಟ್ಟಡವೂ ಅವನ ತಾಯಿ ಶಾಂತವ್ವನವರದು, ಮಾತೂ ಅವರದೇ. ನಾನು ಶಾಲೆಯ ಮೀಟಿಂಗಿಗೆ ರೋಣಕ್ಕೆ ಹೊರಟಿದ್ದೇನೆ ಎಂದು ತಿಳಿದು, "ಟೀಚರ್ರ, ನಮ್ಮವ್ವನ್ನ ಒಂದೀಟ ಭೇಟಿ ಆಗಿ ಬರ್ರಿ. ಮಗ್ಗದ ಮನಿಯಾಕಿ ಅಂತ ಹಿಂದ ಮುಂದ ನೋಡಾಕತ್ತಾಳ. ನಿಮ್ಮ ಮಾತಂದ್ರ ಕೇಳ್ತಾಳ" ಎಂದ.

ಹೊರಡುವ ಹಿಂದಿನ ರವಿವಾರ ಅನಸೂಯಾ ಮಿರ್ಚಿ ತಿನ್ನುತ್ತ ಕನಸು ಹೇಳಿದಳು. ಮಗ್ಗದಿಂದ ಎದ್ದರೆ ಮಗಳನ್ನು ಕರೆದುಕೊಂಡು ಬೇರೆ ಒಂದು ಖೋಲಿ ಮಾಡುತ್ತಾಳಂತೆ. ಅಪ್ಪ ನಲವತ್ತು ವರ್ಷ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಹತ್ತಿಯ ಧೂಳು ಕುಡಿದು, ಕಡೆಗೆ ಉಸಿರು ಎಳೆಯಲಾರದೆ ಸತ್ತನಂತೆ. ತಾನು ಹಾಗೆ ಸಾಯುವುದಿಲ್ಲವಂತೆ. ಆಮೇಲೆ ಅಂದಳು, "ಐತವಾರನೂ ಒಂದ ಬ್ಯಾಚ್ ಮಾಡ್ತೀನ್ರಿ ಅಕ್ಕಾರ. ಮನಿ ಹೆಣಮಕ್ಕಳಿಗೆ ಅವತ್ತ ಟೈಮ ಸಿಗತೈತಿ."

ಐತವಾರ, ಅಂದರೆ ನನ್ನ ರವಿವಾರ. ಅವಳು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಇದೊಂದೇ. ಬೇರೆ ಖೋಲಿ ಕೇಳಿಸಲಿಲ್ಲ, ಅಪ್ಪನ ಸಾವು ಕೇಳಿಸಲಿಲ್ಲ.

ರೋಣದಲ್ಲಿ ಮೀಟಿಂಗು ಮುಗಿಸಿ ಅವರ ಮನೆಗೆ ಹೋದೆ. ಶಾಂತವ್ವನವರು ಕಡಲೆ ಚೀಲಗಳ ನಡುವೆ ಕುರ್ಚಿ ಹಾಕಿಸಿ ಕೂರಿಸಿದರು, ಚಹಾ ತರಿಸಿದರು. ಹುಡುಗಿಯ ನಡತೆ ಕೇಳಿದರು. ಚಲೋ ಎಂದೆ. ಮಾತು ಕತೆ? ಚಲೋ ಎಂದೆ. ಅಲ್ಲಿಯತನಕ ನಾನು ಒಳ್ಳೆಯವಳೇ ಆಗಿದ್ದೆ — ಅಥವಾ ಆಗಿರಲು ನೋಡುತ್ತಿದ್ದೆ. ಆಮೇಲೆ ಅವರು ಕೇಳಿದರು:

"ಮಗ್ಗದ ಮಂದಿ ನೋಡವಾ. ಅಕಿಗೆ ದಮ್ಮ ಐತೇನ?"

ನಮ್ಮ ಕಡೆ ದಮ್ಮು ಎಂದರೆ ಉಸಿರಿನ ಬಲ. ದಮ್ಮು ಎಂದರೆ ಉಸಿರಿನ ರೋಗವೂ ಹೌದು. ಒಂಬತ್ತನೆಯ ತರಗತಿಗೆ ನಾನಾರ್ಥ ಪದಗಳನ್ನು ಹೇಳಿಕೊಡುವಾಗ ಪುಸ್ತಕದ ಉದಾಹರಣೆಗಳು ಸಾಲದೆ ಪ್ರತಿ ವರ್ಷ ನಾನು ಬೋರ್ಡಿನ ಮೇಲೆ ಬರೆಯುವ ಶಬ್ದ ಅದು. ಮಕ್ಕಳು ನಗುತ್ತವೆ, ಮರೆಯುವುದಿಲ್ಲ.

"ಐತ್ರಿ," ಎಂದೆ ನಾನು. "ಅನಸೂಯಾಗ ಭಾಳ ದಮ್ಮ ಐತಿ."

ಶಾಂತವ್ವನವರ ಮುಖ ಇಳಿಯಿತು. "ಹಂಗಾರ ಬ್ಯಾಡ ಬಿಡವಾ. ಅವರಪ್ಪಗೂ ಅದ ಇತ್ತಂತ" ಎಂದರು. ಆಗಲೂ ಹೊತ್ತಿತ್ತು. ಹಾಗಲ್ರಿ, ನಾನು ಹೇಳಿದ್ದು ಬೇರೆ, ಎಂದು ನಕ್ಕು ಬಿಡಬಹುದಾಗಿತ್ತು. ನಾನು ಚಹಾದ ಬಸಿ ಎತ್ತಿಕೊಂಡೆ. ಚಹಾ ಚೆನ್ನಾಗಿತ್ತು. ಅದು ಚೆನ್ನಾಗಿತ್ತು ಎಂಬುದು ನನಗೆ ಇವತ್ತಿಗೂ ನೆನಪಿದೆ.

ಮುಂದಿನದು ನಾನು ಅಂದುಕೊಂಡದ್ದಕ್ಕಿಂತ ಬೇಗ ಆಯಿತು. ಉಸಿರಿನ ತ್ರಾಸ ಇದ್ದವರನ್ನು ಇಟ್ಟುಕೊಳ್ಳಲಾಗದು ಎಂದು ಈರಣ್ಣ ಅನಸೂಯಾಳಿಗೆ ಹೇಳಿದ; ಅದು ಯಾರ ಮಾತು ಎಂದು ಮಾತ್ರ ಹೇಳಲಿಲ್ಲ. ಆ ಮಾತು ಜಿಮ್ಮಿನಿಂದ ಓಣಿಗೆ ಬಂತು, ಓಣಿಯಿಂದ ಅಣ್ಣನ ಕಿವಿಗೆ. ಅಪ್ಪನನ್ನು ಹಾಗೆ ಕಳೆದುಕೊಂಡಿದ್ದ ಮನೆ. ಹೆದರಿದರು. ಅವಳು ನನ್ನ ಹತ್ತಿರ ಓಡಿಬಂದಳು — ನನ್ನ ಹತ್ತಿರವೇ ಬಂದಳು. "ನನಗ ದಮ್ಮ ಐತಿ ಅಂತ ಯಾರ ಹೇಳ್ಯಾರ್ರಿ ಅಕ್ಕಾರ?"

"ಮಂದಿ ಬಾಯಿ ಮುಚ್ಚಾಕ ಆಗತೈತೇನು. ಬಿಡು," ಎಂದೆ.

ದವಾಖಾನೆಗೂ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆ ಹಚ್ಚಿ, ಊದಿಸಿ ನೋಡಿ, ಏನೂ ಇಲ್ಲ, ಸ್ವಚ್ಛ ಇದೆ ಎಂದು ಚೀಟಿ ಬರೆದುಕೊಟ್ಟರು. ಅನಸೂಯಾಳ ಕಣ್ಣು ಬೆಳಗಿದವು. "ಈ ಚೀಟಿ ತಗೊಂಡ ನಾಳೆನ ರೋಣಕ್ಕ ಹೋಗ್ತೀನ್ರಿ. ಅವ್ವಾರ ಮುಂದ ಇಡ್ತೀನಿ." ಹೋದರೆ ಶಾಂತವ್ವನವರು ಹೇಳುತ್ತಾರೆ — ನಿಮ್ಮ ಟೀಚರ್ರ ಹೇಳ್ಯಾರಲ್ವಾ ಎಂದು. ನಾನು ಅವಳ ಕೈ ಹಿಡಿದುಕೊಂಡೆ. ಬೇಡ ಎಂದೆ. ಬೇಡ ಅಂದವರ ಬಾಗಿಲಿಗೆ ಮತ್ತೆ ಹೋಗುವುದು ಮರ್ಯಾದೆಯಲ್ಲ ಎಂದೆ, ಇನ್ನೊಂದು ಕಡೆ ನಾನೇ ನೋಡುತ್ತೇನೆ ಎಂದೆ. ಅವಳು ನನ್ನ ಮಾತು ನಂಬಿದಳು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ರೋಣದಲ್ಲಿ ಆಡಿದ ಮಾತನ್ನು ಬಾಯಿ ತಪ್ಪಿ ಬಂತು ಎಂದು ಯಾರಾದರೂ ಕ್ಷಮಿಸಿಯಾರು. ದವಾಖಾನೆಯ ಮೆಟ್ಟಿಲ ಮೇಲೆ ಆಡಿದ್ದಕ್ಕೆ ನನ್ನ ಹತ್ತಿರ ಎರಡನೆಯ ಅರ್ಥವೇ ಇಲ್ಲ.

ಇನ್ನೊಂದು ಕಡೆ ನಾನು ನೋಡಲಿಲ್ಲ. ಎರಡು ತಿಂಗಳಲ್ಲಿ ಹೆಂಗಸರ ಬ್ಯಾಚು ಮುಚ್ಚಿತು; ಈಗ ಆ ಮಾಳಿಗೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ನಾನು ಕಾಪಾಡಿಕೊಳ್ಳಲು ಹೊರಟಿದ್ದ ರವಿವಾರವೂ ಉಳಿಯಲಿಲ್ಲ. "ಚೀಟಿ ತೋರಿಸಿದ್ರೂ ನಂಬಂಗಿಲ್ರಿ, ಓಡಿದ್ರ ದಮ್ಮ ಹೆಚ್ಚಾಗತೈತಿ ಅಂತಾನ್ರಿ ನಮ್ಮಣ್ಣ. ಇನ್ನ ನೀವ ಹೋಗ್ರಿ" ಎಂದು ಬಾಗಿಲಲ್ಲೇ ಹೇಳಿದಳು. ಒಳಗೆ ಮಗ್ಗದ ಸದ್ದು ನಿಂತಿತ್ತು, ಅವಳು ಹೋಗಿ ಕೂತ ಮೇಲೆ ಮತ್ತೆ ಶುರುವಾಯಿತು. ನಾನು ಒಬ್ಬಳೇ ಕೋಟೆ ಹತ್ತಿ ಇಳಿದೆ. ಗಿರ್ಮಿಟ್ಟು ತಿನ್ನಲು ಮನಸ್ಸಾಗಲಿಲ್ಲ. ತೂಕ ಮಾತ್ರ ಚೆನ್ನಾಗಿ ಇಳಿಯಿತು. ಶಾಲೆಯಲ್ಲಿ ಎಲ್ಲರೂ ಹೊಗಳಿದರು — ಓಟ, ವ್ಯಾಯಾಮ, ವಿಶ್ರಾಂತಿ, ಎಲ್ಲವನ್ನೂ ಹೇಗೆ ಹೊಂದಿಸುತ್ತೀರಿ ಎಂದು. ಒಂದು ಸಲ ಮಕ್ಕಳಿಗೆ ಆ ಬಗ್ಗೆ ಭಾಷಣವನ್ನೂ ಮಾಡಿದೆ. ಇಷ್ಟು ನಾಚಿಕೆಗೇಡಿ ನಾನು.

ಹೀಗೆ ಆರು ವರ್ಷ ಸರಿದವು. ಹೋದ ತಿಂಗಳು ಒಂಬತ್ತನೆಯ ತರಗತಿಯ ಕಿರುಪರೀಕ್ಷೆ ಇತ್ತು. ನಾನಾರ್ಥ ಪದಕ್ಕೆ ನಿಮ್ಮದೇ ಒಂದು ಉದಾಹರಣೆ ಕೊಟ್ಟು ವಾಕ್ಯದಲ್ಲಿ ಬಳಸಿರಿ ಎಂದು ಕೇಳಿದ್ದೆ. ಅನಸೂಯಾಳ ಮಗಳು ಸಹನಾ ಈಗ ನನ್ನ ತರಗತಿಯಲ್ಲಿದ್ದಾಳೆ. ಕಡೆಯ ಬೆಂಚು, ದುಂಡನೆಯ ಅಕ್ಷರ. ಅವಳು ಬರೆದಿದ್ದಳು: ದಮ್ಮು — ಶಕ್ತಿ, ರೋಗ. ವಾಕ್ಯ: ನಮ್ಮ ಅವ್ವನಿಗೆ ದಮ್ಮು ಇದೆ ಎಂದು ಎಲ್ಲರೂ ಹೇಳುತ್ತಾರೆ.

ಯಾವ ಅರ್ಥದಲ್ಲಿ ಬರೆದಿದ್ದಾಳೆ? ಕೆಂಪು ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತೆ. ಕರೆದು ಕೇಳಬಹುದಾಗಿತ್ತು, ಧೈರ್ಯವಾಗಲಿಲ್ಲ. ಪೂರ್ತಿ ಅಂಕ ಹಾಕಿ, ಹಾಳೆ ತಿರುಗಿಸಿ, ಆ ದಿನವೇ ನಿರ್ಧಾರ ಮಾಡಿದೆ.

ಅಮಾವಾಸ್ಯೆಯ ದಿನ ಹೋದೆ. ಅಂದು ಅವಳಿಗೆ ಸೂಟಿ, ಸಮಾಧಾನದಿಂದ ಸಿಗುತ್ತಾಳೆ ಎಂದು ಲೆಕ್ಕ ಹಾಕಿಯೇ, ಅರ್ಧ ದಿನದ ರಜೆ ಬರೆದಿಟ್ಟು ಹೋದೆ. ಮಗ್ಗವನ್ನು ಒರೆಸಿ ಕುಂಕುಮ ಹಚ್ಚಿದ್ದರು, ಒಡೆದ ಕಾಯಿ ಇತ್ತು. ಅನಸೂಯಾ ತಲೆಗೆ ಸ್ನಾನ ಮಾಡಿ, ಕಟ್ಟೆಯ ಮೇಲೆ ಕೂದಲು ಬಿಟ್ಟುಕೊಂಡು ಬಿಸಿಲಿಗೆ ಕೂತಿದ್ದಳು. ದಪ್ಪಗಾಗಿದ್ದಳು. ನನ್ನನ್ನು ನೋಡಿ ಖುಷಿಯಾದಳು. "ಬರ್ರಿ ಅಕ್ಕಾರ, ಎಷ್ಟ ದಿನ ಆತು. ಭಾಳ ಸೊರಗೀರಿ" ಎಂದು ಪಕ್ಕದಲ್ಲಿ ಜಾಗ ಮಾಡಿದಳು.

ಎಲ್ಲವನ್ನೂ ಹೇಳಿದೆ. ರೋಣ, ಚಹಾ, ನನ್ನ ಉತ್ತರ, ದವಾಖಾನೆಯ ಮೆಟ್ಟಿಲು. ಮುಗಿದ ಮೇಲೆ ಅವಳು — ನನ್ನನ್ನು ಉಳಿಸಲೆಂದೇ ಇರಬೇಕು, ಅವಳ ಸ್ವಭಾವವೇ ಹಾಗೆ — "ವಯಸ್ಸಾದವರ್ರಿ. ನೀವು ಒಂದ ಅಂದಿದ್ದು, ಅವರಿಗೆ ಇನ್ನೊಂದ ಕೇಳಿಸಿರಬೇಕು" ಎಂದಳು. ಆಮೇಲೆ, "ಅವರು ಹ್ಯಾಂಗ ಕೇಳಿದ್ರು? ಅದ ಮಾತ ಹೇಳ್ರಿ" ಎಂದಳು.

ಇಲ್ಲಿ ನಿಮಗೂ ಒಂದು ತಪ್ಪೊಪ್ಪಿಗೆ ಇದೆ. ಮೇಲೆ ಬರೆಯುವಾಗ ಶಾಂತವ್ವನವರ ಪ್ರಶ್ನೆಯಿಂದ ಒಂದು ಶಬ್ದ ತೆಗೆದುಬಿಟ್ಟೆ. ಆರು ವರ್ಷ ನನ್ನ ಮನಸ್ಸಿನಲ್ಲೂ ಆ ಶಬ್ದವನ್ನು ತೆಗೆದೇ ಆ ಪ್ರಶ್ನೆಯನ್ನು ಇಟ್ಟುಕೊಂಡಿದ್ದೆ, ಅದಕ್ಕೇ ಕೈ ತಾನಾಗಿ ಹಾಗೆ ಬರೆಯಿತು. ಅನಸೂಯಾಳ ಮುಂದೆ ಮಾತ್ರ ಆಗಲಿಲ್ಲ.

"ದಮ್ಮ ಗಿಮ್ಮ ಐತೇನ ಅಂತ ಕೇಳಿದ್ರು," ಎಂದೆ.

ಜ್ವರ ಗಿರ, ಕೆಮ್ಮು ಗಿಮ್ಮು. ರೋಗವನ್ನು ವಿಚಾರಿಸುವಾಗ ನಮ್ಮಲ್ಲಿ ಹೀಗೆ ಜೋಡಿಸಿ ಕೇಳುತ್ತಾರೆ. ಓಡುವವಳ ಶಕ್ತಿಯನ್ನು ಯಾರೂ ದಮ್ಮ ಗಿಮ್ಮ ಎಂದು ಕೇಳುವುದಿಲ್ಲ. ಇದಕ್ಕೆ ಕನ್ನಡ ಟೀಚರು ಬೇಕಿಲ್ಲ. ಮಗ್ಗದ ಮುಂದೆ ಕೂತವಳಿಗೂ ಗೊತ್ತು, ಆ ಓಣಿಯ ಮಕ್ಕಳಿಗೂ ಗೊತ್ತು. ಶಾಂತವ್ವನವರು ಕೇಳಿದ್ದು ರೋಗವನ್ನೇ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದೇ ಐತ್ರಿ ಎಂದೆ.

ಅನಸೂಯಾ ಕೂದಲನ್ನು ಒಟ್ಟು ಮಾಡಿ ಗಂಟು ಹಾಕಿಕೊಂಡಳು. ಅದು ಇನ್ನೂ ಒದ್ದೆಯಾಗಿತ್ತು.

"ಇಲ್ರಿ ಅಂದಿದ್ರ ಮುಗೀತಿತ್ತಲ್ರಿ," ಎಂದಳು. ಕೂಗಲಿಲ್ಲ, ಅಳಲಿಲ್ಲ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಬೇಡವೆಂಬಂತೆ ಕೈ ಅಡ್ಡ ಹಿಡಿದು, ಬಿಸಿಲು ಬಿದ್ದ ಕಟ್ಟೆಯನ್ನೇ ನೋಡುತ್ತ ಹೇಳಿದಳು:

"ಇವತ್ತ ನನ್ನ ಸೂಟಿ ಇತ್ರಿ ಅಕ್ಕಾರ. ತಿಂಗಳಿಗೊಂದ ದಿನಾ. ಇದನ್ನ ಹೇಳಾಕ ಬ್ಯಾರೆ ದಿನ ಬರಬೇಕಿತ್ತು."

ಎದ್ದು ಒಳಗೆ ಹೋದಳು. ಕಟ್ಟೆಯ ಮೇಲೆ ಅವಳ ಜಾಗ ಹಾಗೇ ಇತ್ತು, ಬಿಸಿಲೂ ಇತ್ತು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಲಾಳಿಯ ಸದ್ದು ಬಂತು. ಅಮಾವಾಸ್ಯೆಯ ದಿನ, ಪೂಜೆ ಮಾಡಿದ ಮಗ್ಗ, ಇಡೀ ಓಣಿಯಲ್ಲಿ ಅದೊಂದೇ ನಡೆಯುತ್ತಿತ್ತು. ಅವಳ ಅಣ್ಣ ಹೊರಗೆ ಬಂದು ನನ್ನ ಮುಖ ನೋಡಿದ. ನಾನು ಎದ್ದು ಚಪ್ಪಲಿ ಹಾಕಿಕೊಂಡೆ.